ಮಾಜಿ ಸೈನಿಕರು ಹಾಗೂ ತುರ್ತು ಸೇವಾ ಸಿಬ್ಬಂದಿ: ಮಾನಸಿಕ ಚಿಕಿತ್ಸೆಯ ವೆಚ್ಚಕ್ಕೆ ದಾರಿ

ಕಾರ್ಖಾನೆ, ಗೋದಾಮುಗಳ ಕಾವಲಿಗೆ ಮಾಜಿ ಸೈನಿಕರನ್ನು ನೇಮಿಸಿಕೊಳ್ಳುವುದು ಬಹುಕಾಲದ ರೂಢಿ. ಅಗ್ನಿಶಾಮಕ ಹಾಗೂ ಆಂಬುಲೆನ್ಸ್ ಸಿಬ್ಬಂದಿಯನ್ನು ಗುತ್ತಿಗೆಯ ಮೇಲೆ ಪಡೆಯುವ ಘಟಕಗಳೂ ಇವೆ. ಸಾವುನೋವುಗಳನ್ನು ಹತ್ತಿರದಿಂದ ಕಂಡ ಇವರಲ್ಲಿ ಕೆಲವರನ್ನು ನಿದ್ರಾಹೀನತೆ, ಖಿನ್ನತೆ, ಆಘಾತೋತ್ತರ ಒತ್ತಡ ಕಾಡುವುದುಂಟು. ಇವು ಚಿಕಿತ್ಸೆಗೆ ಬಗ್ಗುವ ಕಾಯಿಲೆಗಳು. ಆದರೆ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವುದರಿಂದ, ಖರ್ಚಿಗೆ ಅಂಜಿ ನಡುವೆಯೇ ಕೈಬಿಡುವ ಸಂಭವವಿರುತ್ತದೆ.

ಕಾನೂನಿನ ಆಧಾರ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಸೆಕ್ಷನ್ ಪ್ರಕಾರ, ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ವಿಮಾ ಸೌಲಭ್ಯ ನೀಡತಕ್ಕದ್ದು. 2022ರ ಅಕ್ಟೋಬರ್ 31ರೊಳಗೆ ಎಲ್ಲ ಆರೋಗ್ಯ ಪಾಲಿಸಿಗಳೂ ಇದಕ್ಕೆ ಹೊಂದಿಕೊಳ್ಳಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ಆದೇಶಿಸಿತು.

ತೊಡಕಿರುವುದು ಬೇರೆಡೆ. ಸಾಮಾನ್ಯ ಪಾಲಿಸಿಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚವನ್ನು ಭರಿಸುತ್ತವೆ. ಮಾನಸಿಕ ಚಿಕಿತ್ಸೆಯಾದರೋ ಬಹುಪಾಲು ಹೊರರೋಗಿ ವಿಭಾಗದಲ್ಲಿ, ಮಾತ್ರೆ ಮತ್ತು ಆಪ್ತ ಸಮಾಲೋಚನೆಯ ರೂಪದಲ್ಲಿ ನಡೆಯುತ್ತದೆ. ಹೀಗಾಗಿ ಕಾಗದದ ಮೇಲಿನ ಸಮಾನತೆ ಜೇಬಿಗೆ ತಲುಪುವುದಿಲ್ಲ.

ಹೊರರೋಗಿ ವೆಚ್ಚ ಭರಿಸುವ ಯೋಜನೆಗಳು

2003ರಲ್ಲಿ ಆರಂಭವಾದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆಯು ಪಿಂಚಣಿದಾರರಿಗೂ ಅವರ ಅವಲಂಬಿತರಿಗೂ ಒಂದೇ ಬಾರಿಯ ವಂತಿಗೆಯ ಮೇಲೆ ಹೊರರೋಗಿ, ಒಳರೋಗಿ ಚಿಕಿತ್ಸೆಗಳೆರಡನ್ನೂ ಒದಗಿಸುತ್ತದೆ. ಆದರೆ 2022ರ ಅಗ್ನಿಪಥ ಯೋಜನೆಯ ನಿಬಂಧನೆಗಳಂತೆ ನಾಲ್ಕು ವರ್ಷ ಮುಗಿಸಿ ಹೊರಬರುವ ಅಗ್ನಿವೀರರಿಗೆ ಈ ಸೌಲಭ್ಯವಿಲ್ಲ. ಅವರ ಮಟ್ಟಿಗೆ ಮುಂದಿನ ಉದ್ಯೋಗದಾತನ ಏರ್ಪಾಡೇ ಆಧಾರ.

ಮಾಸಿಕ ವೇತನ ರೂ. 21,000 ಮೀರದ ನೌಕರರಿಗೆ ಇ.ಎಸ್.ಐ. ಅನ್ವಯಿಸುತ್ತದೆ. ಮಾಲೀಕರ ವಂತಿಗೆ ಶೇ. 3.25, ನೌಕರರದು ಶೇ. 0.75. ಇಲ್ಲಿಯೂ ಹೊರರೋಗಿ ಚಿಕಿತ್ಸೆ, ಔಷಧ ದೊರೆಯುತ್ತವೆ. ತೀವ್ರ ಮನೋರೋಗಗಳು ದೀರ್ಘಾವಧಿ ಕಾಯಿಲೆಗಳ ಪಟ್ಟಿಯಲ್ಲಿದ್ದು, ಅರ್ಹರಿಗೆ ಗರಿಷ್ಠ ಎರಡು ವರ್ಷ ವೇತನದ ಶೇ. 80ರಷ್ಟು ಭತ್ಯೆ ಸಲ್ಲುತ್ತದೆ. ಗುತ್ತಿಗೆದಾರನು ವಂತಿಗೆ ಕಟ್ಟದಿದ್ದಲ್ಲಿ ಹೊಣೆ ಪ್ರಧಾನ ಮಾಲೀಕನದೇ. ಆದ್ದರಿಂದ ಬಿಲ್ಲು ಪಾವತಿಗೆ ಮುನ್ನ ಚಲನ್ ಪರಿಶೀಲಿಸುವುದು ಲೇಸು.

ಉಳಿದವರಿಗೆ

ಇವೆರಡರ ವ್ಯಾಪ್ತಿಗೆ ಬಾರದವರಿಗಾಗಿ ಸಮೂಹ ವಿಮೆ ಕೊಳ್ಳುವಾಗ ಮೂರು ಅಂಶಗಳನ್ನು ಬರಹದಲ್ಲಿ ಕೇಳಿ ಪಡೆಯಬೇಕು: ಹೊರರೋಗಿ ಮನೋಚಿಕಿತ್ಸೆ ಸೇರಿದೆಯೇ, ಅದರ ವಾರ್ಷಿಕ ಮಿತಿ ಎಷ್ಟು, ಈಗಾಗಲೇ ಇರುವ ಕಾಯಿಲೆಗೆ ಕಾಯುವ ಅವಧಿ ಉಂಟೇ. ನಗದಲ್ಲದ ಮಾರ್ಗದಲ್ಲಿ ಕಟ್ಟಿದ ಕಂತನ್ನು ವ್ಯವಹಾರದ ವೆಚ್ಚವಾಗಿ ತೋರಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ದೊರೆತ ಜಿ.ಎಸ್.ಟಿ. ವಿನಾಯಿತಿ ಸಮೂಹ ಪಾಲಿಸಿಗೆ ಇಲ್ಲವೆಂಬುದನ್ನು ಲೆಕ್ಕ ಹಾಕುವಾಗ ಗಮನಿಸಬೇಕು.

ಯಾವ ಖರ್ಚೂ ಇಲ್ಲದ ಮೊದಲ ಹೆಜ್ಜೆಯೂ ಒಂದಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕಾವಲು ಕೊಠಡಿಯ ಗೋಡೆಯ ಮೇಲೆ ಈ ಸಂಖ್ಯೆಯನ್ನು ಬರೆಸುವ ಕೆಲಸ ಇಂದೇ ಆಗಬಹುದು.