ಗರಡಿ ಮನೆಯ ಲೆಕ್ಕ ಅಡುಗೆ ಮನೆಯಲ್ಲಿದೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಸೋದರಿಯರೇ, ನಿಮ್ಮ ತವರೂರಿನ ಗರಡಿ ಮನೆ ನೆನಪಿದೆಯೇ? ತಗ್ಗಾದ ಬಾಗಿಲು, ಒಳಗೆ ಕೆಮ್ಮಣ್ಣು, ಗೂಡಿನಲ್ಲಿ ಹನುಮಪ್ಪ. ಈಗ ಎಷ್ಟೋ ಕಡೆ ಅಂಥ ಬಾಗಿಲಿಗೆ ಬೀಗ ಬಿದ್ದಿದೆ. ‘ಈಗಿನ ಹುಡುಗರು ಮೈಗಳ್ಳರು’ ಎಂದು ಹಿರಿಯರು ಬೈಯುತ್ತಾರೆ. ಮನೆಖರ್ಚು ತೂಗಿಸುವ ನಮಗೆ ಬೇರೆ ಕಾರಣವೂ ಕಾಣುತ್ತದೆ, ಅಲ್ಲವೇ?

ಪೈಲ್ವಾನನಾಗಲು ಹಾಲು, ತುಪ್ಪ, ಬಾದಾಮಿ, ತತ್ತಿ ವರ್ಷಗಟ್ಟಲೆ ಬೇಕು. ಹಿಂದೆ ಆ ಭಾರವನ್ನು ಅರಸರು, ಊರ ಗೌಡರು, ಸಾಹುಕಾರರು ಹೊರುತ್ತಿದ್ದರು. ಕೊಲ್ಲಾಪುರದ ಶಾಹೂ ಮಹಾರಾಜರು ಕುಸ್ತಿಗೆ ದೊಡ್ಡ ಆಶ್ರಯ ಕೊಟ್ಟವರು. 1948ರಲ್ಲಿ ಸವಣೂರು, 1949ರಲ್ಲಿ ಕೊಲ್ಲಾಪುರ ಸಂಸ್ಥಾನಗಳು ವಿಲೀನವಾದವು. ದರ್ಬಾರಿನ ಕಾಲ ಮುಗಿಯಿತು, ಖರ್ಚು ಮನೆಯವರ ಹೆಗಲಿಗೆ ಬಂತು.

ಹಾಲಿನದೊಂದೇ ಲೆಕ್ಕ ಹಾಕಿ ನೋಡಿ. ದಿನಕ್ಕೆ 2 ಲೀಟರೆಂದರೆ ತಿಂಗಳಿಗೆ 60 ಲೀಟರು! ಅದೇ ಹಾಲು ಡೇರಿಗೆ ಹಾಕಿದರೆ ರೊಕ್ಕ ಬರುತ್ತದೆ, ಮಕ್ಕಳ ಫೀಸು ಸಾಗುತ್ತದೆ. ಮಗನ ಹೊಟ್ಟೆಗೆ ಹಾಕಿದರೆ ಜಾತ್ರೆಯ ಕುಸ್ತಿಯವರೆಗೆ ಕಾಯಬೇಕು. ಗೆದ್ದರೆ ಬಹುಮಾನ, ಕೈಕಾಲು ಉಳುಕಿದರೆ ಔಷಧದ ಖರ್ಚೂ ನಮ್ಮದೇ. ತಾಯಿ ಯಾವುದನ್ನು ಆರಿಸಿಯಾಳು, ನೀವೇ ಹೇಳಿ.

ಗರಡಿಗೂ ಖರ್ಚಿದೆ. ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ ಬೆರೆಸಿ ಹದಮಾಡಬೇಕು. ದೊಡ್ಡ ಸ್ಪರ್ಧೆಗಳು ನಡೆಯುವುದು ಮ್ಯಾಟಿನ ಮೇಲೆ. ಅದರ ಬೆಲೆ ಲಕ್ಷಗಟ್ಟಲೆ.

ಇದು ಇಂದಿನ ಕಷ್ಟವೇನಲ್ಲ. ಕರಾಡದ ಕಡೆಯ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕವದು. ಅವರನ್ನು ಕಳಿಸಲು ಅವರ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆ ಇಟ್ಟಿದ್ದರು!

ಹಾಗಾದರೆ ನಾವೇನು ಮಾಡಬಹುದು? ಗರಡಿಗೆ ಹೋದವರೆಲ್ಲ ಪೈಲ್ವಾನರಾಗಬೇಕಿಲ್ಲ. ಮೈ ಗಟ್ಟಿಯಾಗಲೆಂದು ದಂಡ, ಬಸ್ಕಿ ಹೊಡೆಯುವ ಹುಡುಗನಿಗೆ ಬಾದಾಮಿಯೇ ಬೇಕೆಂದಿಲ್ಲ. 100 ಗ್ರಾಂ ಬಾದಾಮಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನಿದ್ದರೆ, ನಮ್ಮ ಶೇಂಗಾದಲ್ಲಿ ಸುಮಾರು 25 ಗ್ರಾಂ ಇದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಳಕೆ ಕಾಳಿನ ಪಲ್ಯ, ಒಂದು ಲೋಟ ಹಾಲು ಕೊಡಿ, ಸಾಕು.

ಹೆಣ್ಣುಮಕ್ಕಳನ್ನೂ ಮರೆಯಬೇಡಿ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿ 2004ರಲ್ಲೇ ಶುರುವಾಯಿತು. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಗರಡಿಯಲ್ಲಿ ಅವರಿಗೂ ಬೇರೆ ಹೊತ್ತು ಗೊತ್ತುಮಾಡಿ ಎಂದು ಊರ ಹಿರಿಯರನ್ನು ಕೇಳಲು ನಾಚಿಕೆ ಯಾಕೆ?

ಇನ್ನೊಂದು ಮಾತು. ಜಾತ್ರೆಗೆ ಪಟ್ಟಿ ಎತ್ತಲು ಬಂದವರಿಗೆ ಸುಮ್ಮನೆ ದುಡ್ಡು ಕೊಟ್ಟು ಕಳಿಸಬೇಡಿ. ‘ಇದರಲ್ಲಿ ಗರಡಿ ಮನೆಗೆ ಎಷ್ಟು ಇಟ್ಟೀರಿ?’ ಎಂದು ಕೇಳಿಯೇ ಕೊಡಿ.