ಸ್ಥಾವರದ ಬಿಸಿನೀರು ನಿಂತರೆ ಈ ಕಡಲಹಸುಗಳ ಗತಿಯೇನು?

ಮ್ಯಾನಟೀ ಅಂದ್ರೆ ಕಡಲಹಸು. ಹೆಸರು ಹಸುವಿನದಾದರೂ ನೆಂಟಸ್ತಿಕೆ ಆನೆಯ ಜೊತೆ. ಸುಮಾರು ಮೂರು ಮೀಟರ್ ಉದ್ದ, 450 ಕಿಲೋ ತೂಕ. ಮೇಯುವುದೇ ದಿನದ ಮುಖ್ಯ ಕೆಲಸ. ಮುಂದಿನ ದವಡೆ ಹಲ್ಲು ಸವೆದು ಬೀಳುತ್ತಿದ್ದಂತೆ ಹಿಂದಿನಿಂದ ಹೊಸ ಹಲ್ಲು ಸರಿದು ಬರುತ್ತದೆ, ಬದುಕಿರುವವರೆಗೂ.

ಇಷ್ಟು ದಪ್ಪ ಪ್ರಾಣಿಗೆ ಚಳಿ ಯಾವ ಲೆಕ್ಕ ಅನ್ನಿಸಬಹುದು. ಆದರೆ ತಿಮಿಂಗಿಲಕ್ಕಿರುವಂಥ ದಪ್ಪ ಕೊಬ್ಬಿನ ಪದರ ಇದಕ್ಕಿಲ್ಲ. ಆ ದೊಡ್ಡ ಹೊಟ್ಟೆಯ ಬಹುಪಾಲು ಹುಲ್ಲು ಅರಗಿಸುವ ಕರುಳು. ದೇಹದಲ್ಲಿ ಹುಟ್ಟುವ ಶಾಖವೂ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ನೀರಿನಲ್ಲಿ ದಿನಗಟ್ಟಲೆ ಇದ್ದರೆ ಮೇವು ಬಿಡುತ್ತದೆ, ಚರ್ಮ ಹುಣ್ಣಾಗುತ್ತದೆ, ಕೊನೆಗೆ ಸಾಯುತ್ತದೆ.

ಹಾಗಾಗಿ ಅಮೆರಿಕದ ಫ್ಲೋರಿಡಾದ ಮ್ಯಾನಟೀಗಳು ಚಳಿಗಾಲಕ್ಕೆ ಬೆಚ್ಚನೆಯ ಜಾಗ ಹುಡುಕುತ್ತವೆ. ಬ್ಲೂ ಸ್ಪ್ರಿಂಗ್‌ನಂಥ ಚಿಲುಮೆಗಳ ನೀರು ವರ್ಷವಿಡೀ ಸುಮಾರು 22 ಡಿಗ್ರಿ ಇರುತ್ತದೆ. ಕಳೆದ ಶತಮಾನದಲ್ಲಿ ಕರಾವಳಿಯುದ್ದಕ್ಕೂ ವಿದ್ಯುತ್ ಸ್ಥಾವರಗಳು ಬಂದವು. ಟರ್ಬೈನ್ ತಿರುಗಿಸಿದ ಹಬೆಯನ್ನು ತಣಿಸಲು ಸಮುದ್ರದ ನೀರು ಎಳೆದುಕೊಂಡು, ಬಿಸಿಯಾದ ಮೇಲೆ ವಾಪಸ್ ಬಿಡುತ್ತಾರೆ. ಇಂಜಿನಿಯರಿಂಗ್ ಓದುವಾಗ ಈ ಶಾಖವನ್ನು ನಾವು ‘ನಷ್ಟ’ ಅಂತ ಬರೆದು ಮುಂದಿನ ಲೆಕ್ಕಕ್ಕೆ ಹೋಗ್ತಿದ್ವಿ. ಮ್ಯಾನಟೀಗಳಿಗೆ ಆ ನಷ್ಟವೇ ಜೀವ! ಇವತ್ತು ಫ್ಲೋರಿಡಾದ ಅರ್ಧಕ್ಕಿಂತ ಹೆಚ್ಚು ಮ್ಯಾನಟೀಗಳು ಚಳಿಗಾಲದಲ್ಲಿ ಸ್ಥಾವರಗಳ ಬಿಸಿನೀರನ್ನೇ ನೆಚ್ಚಿಕೊಂಡಿವೆ. ತಾಯಿಯ ಜೊತೆ ಒಂದೆರಡು ವರ್ಷ ಓಡಾಡುವ ಮರಿಗಳು ಕಲಿಯುವುದೂ ಅದೇ ದಾರಿ.

ಈ ಅವಲಂಬನೆ ಎಷ್ಟು ಗಟ್ಟಿ ನೋಡಿ. ಕೇಪ್ ಕೆನಾವರಲ್ ಬಳಿಯ ಹಳೆಯ ಸ್ಥಾವರವನ್ನು 2010ರಲ್ಲಿ ಕೆಡವಿದಾಗ, ಹೊಸದು ಶುರುವಾಗುವವರೆಗೆ ಮ್ಯಾನಟೀಗಳಿಗೋಸ್ಕರವೇ ಹೀಟರ್ ಇಟ್ಟು ನೀರು ಕಾಯಿಸಬೇಕಾಯಿತು.

ಬಿಸಿನೀರೊಂದಿದ್ದರೆ ಸಾಕೇ? 2021ರಲ್ಲಿ ಉತ್ತರ ಸಿಕ್ಕಿತು. ಇದೇ ಸ್ಥಾವರ ಇರುವ ಇಂಡಿಯನ್ ರಿವರ್ ಲಗೂನ್ ಎಂಬ ಹಿನ್ನೀರಿಗೆ ವರ್ಷಗಳಿಂದ ಗೊಬ್ಬರ, ಕೊಳಚೆ ಸೇರಿ ಪಾಚಿ ಉಕ್ಕಿತ್ತು. ಬಿಸಿಲು ಸಿಗದೆ ತಳದ ಕಡಲಹುಲ್ಲು ಸತ್ತಿತ್ತು. ಬೆಚ್ಚಗಿದ್ದಲ್ಲಿ ಮೇವಿಲ್ಲ, ಮೇವು ಹುಡುಕಿ ಹೋದರೆ ಚಳಿ. ಆ ವರ್ಷ ರಾಜ್ಯದಲ್ಲಿ ಸತ್ತ ಮ್ಯಾನಟೀಗಳು ಸುಮಾರು 1,100. ಈ ಹಿನ್ನೀರಿನಲ್ಲಿ ಸತ್ತವುಗಳಲ್ಲಿ ಬಹಳಷ್ಟಕ್ಕೆ ಹಸಿವೇ ಕಾರಣ. ಮುಂದಿನ ಚಳಿಗಾಲದಲ್ಲಿ ಸ್ಥಾವರದ ಬಳಿ ಸುಮಾರು 90 ಟನ್ ಲೆಟಿಸ್ ಸೊಪ್ಪು ಹಾಕಿ ಸಾಕಬೇಕಾಯಿತು.

ಹಳೆಯ ಸ್ಥಾವರಗಳು ಇವತ್ತಲ್ಲ ನಾಳೆ ಮುಚ್ಚಲೇಬೇಕು. ಹವಾಮಾನದ ದೃಷ್ಟಿಯಿಂದ ಅದು ಸರಿಯೂ ಹೌದು. ಆದರೆ ಸ್ವಿಚ್ ಆರಿಸುವ ಮುಂಚೆ ಚಿಲುಮೆಗಳ ದಾರಿ ತೆರವಾಗಬೇಕು, ಹಿನ್ನೀರಿನಲ್ಲಿ ಹುಲ್ಲು ಮತ್ತೆ ಚಿಗುರಬೇಕು. ಅಭ್ಯಾಸ ಮಾಡಿಸಿದವರು ನಾವು. ಬಿಡಿಸುವ ಹೊಣೆಯೂ ನಮ್ಮದೇ.