ಕರೆದರೆ ಬಾರದ ನಿದ್ರೆ

ಗೋವೆಯ ಮಡಗಾಂವಿನ ಮೋತಿ ಡೊಂಗರಿನಲ್ಲಿ ಒತ್ತಿಕೊಂಡು ನಿಂತಿರುವ ಮನೆಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಮೆಯನ್ನರಸಿ ಬಂದು ನೆಲೆಸಿದ ಕುಟುಂಬಗಳು ಅನೇಕವುಂಟು. ಬೆಳಗಾಗುತ್ತಲೇ ಗೌಂಡಿ ಕೆಲಸಕ್ಕೋ ಹಮಾಲಿಗೋ ಹೊರಡಬೇಕಾದವನಿಗೆ ನಡುರಾತ್ರಿ ಮೀರಿದರೂ ನಿದ್ದೆ ಹತ್ತದಿದ್ದರೆ, ನಾಳೆ ಕೈಕಾಲು ಸೋತು ಕೂಲಿ ತಪ್ಪೀತೆಂಬ ಅಂಜಿಕೆಯು ಬಂದ ಆಕಳಿಕೆಯನ್ನೂ ಹಿಂದಟ್ಟುವುದು. ದಿನವಿಡೀ ದಣಿದ ದೇಹಕ್ಕೆ ನಿದ್ರೆ ತಾನಾಗಿ ಒದಗಬೇಕಲ್ಲವೆ ಎಂದು ಅವನು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ; ಅದರ ಉತ್ತರಕ್ಕೊಂದು ಸುಳಿವು ರೋಗವೊಂದರಿಂದ ದೊರೆಯಿತು.

1917ರಲ್ಲಿ ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಎಂಬಾತನು ವಿಚಿತ್ರವಾದೊಂದು ಮಿದುಳಿನ ಉರಿಯೂತವನ್ನು ವರ್ಣಿಸಿದನು. ರೋಗಿಗಳಲ್ಲಿ ಅನೇಕರು ವಾರಗಟ್ಟಲೆ ನಿದ್ರೆಯಲ್ಲಿಯೇ ಮುಳುಗಿದ್ದರೆ ಕೆಲವರು ನಿದ್ರೆಯನ್ನೇ ಕಳೆದುಕೊಂಡಿದ್ದರು. ಮೃತರ ಮಿದುಳನ್ನು ಪರೀಕ್ಷಿಸಲಾಗಿ, ಅತಿನಿದ್ರೆಯವರಲ್ಲಿ ಹೈಪೋಥಲಾಮಸ್ಸಿನ ಹಿಂಭಾಗವೂ ನಿದ್ರಾಹೀನರಲ್ಲಿ ಅದರ ಮುಂಭಾಗವೂ ಕೆಟ್ಟಿರುವುದು ಕಂಡಿತು. ನಿದ್ರೆಯನ್ನು ತರುವುದಕ್ಕೂ ಎಚ್ಚರವನ್ನು ಕಾಯುವುದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ನೆಲೆಗಳುಂಟೆಂದೂ, ಒಂದರ ಕೈ ಮೇಲಾದಾಗ ಇನ್ನೊಂದು ಅಡಗುವುದೆಂದೂ ಮುಂದಿನ ಸಂಶೋಧನೆಗಳು ಸ್ಥಿರಪಡಿಸಿದುವು. ಅಂಜಿಕೆ, ಕೋಪ, ಸಾಲದ ಲೆಕ್ಕ ಇವೆಲ್ಲವೂ ಎಚ್ಚರದ ಪಕ್ಷಕ್ಕೇ ಬಲವೀಯುವುವು.

ಹಾಗೆಂದು ದಣಿವಿನ ಪಾತ್ರ ಅಲ್ಪವಲ್ಲ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯ ಸಂಚಯವಾಗುತ್ತ ನಿದ್ರೆಯ ಒತ್ತಡ ಏರುವುದು. ಅದರೊಡನೆ ಸುಮಾರು 20,000 ನರಕೋಶಗಳ ಗಡಿಯಾರವೊಂದು ಬೆಳಕು ಕತ್ತಲೆಗಳನ್ನನುಸರಿಸಿ ಮಲಗುವ ವೇಳೆಯನ್ನು ಗೊತ್ತುಮಾಡುವುದು. ಇವೆರಡರ ಕೂಡಾಟವನ್ನು 1982ರಲ್ಲಿ ನಿದ್ರಾಸಂಶೋಧಕ ಅಲೆಕ್ಸಾಂಡರ್ ಬೊರ್ಬೇಲಿ ನಿರೂಪಿಸಿದನು. ಸಂಜೆಯ ಚಹದಲ್ಲಿರುವ ಕೆಫೀನು ಅಡೆನೊಸಿನ್ನಿಗೆ ಸಲ್ಲಬೇಕಾದ ಸ್ಥಾನವನ್ನಾಕ್ರಮಿಸಿ ಆ ಒತ್ತಡವನ್ನು ಮರೆಸುವುದು. ಐದಾರು ಗಂಟೆ ಕಳೆದರೂ ಅದರ ಅರ್ಧದಷ್ಟು ರಕ್ತದಲ್ಲಿ ಉಳಿದಿರುವುದುಂಟು.

ನನಗೆ ಅತ್ಯಂತ ಮಹತ್ವದ್ದಾಗಿ ತೋರುವ ವಿಚಾರವನ್ನು 1987ರಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ನನೂ ಅವನ ಸಹೋದ್ಯೋಗಿಗಳೂ ಮಂಡಿಸಿದರು: ನಿದ್ರಾನಾಶವನ್ನು ಆರಂಭಿಸುವ ಕಾರಣವೊಂದು, ಅದನ್ನು ಉಳಿಸಿಕೊಂಡು ಬರುವ ಕಾರಣ ಇನ್ನೊಂದು. ಮಗುವಿನ ಜ್ವರದಿಂದಲೋ ಊರಿನಿಂದ ಬಂದ ಅಶುಭವಾರ್ತೆಯಿಂದಲೋ ಕೆಲವು ರಾತ್ರಿಗಳು ಕೆಡುವುವು. ಜ್ವರ ಇಳಿದು ದುಃಖ ಶಮನವಾದ ಮೇಲೂ ನಿದ್ರೆ ಮರಳದಿರುವುದು, ಕಳೆದುಕೊಂಡದ್ದನ್ನು ತುಂಬಿಕೊಳ್ಳಲೆಂದು ಮನುಷ್ಯನು ಹೊತ್ತಿಗೆ ಮುಂಚೆ ಮಲಗಿ, ರಜೆಯ ದಿನ ಮಧ್ಯಾಹ್ನದವರೆಗೆ ಹಾಸಿಗೆಯನ್ನು ಹಿಡಿದಿರುವುದರಿಂದ. ಹಾಸಿಗೆಯೇ ಎಚ್ಚರದ ಸ್ಥಾನವಾಗಿಬಿಡುವುದು. ಸೆರೆ ಕುಡಿದು ಮಲಗುವ ಉಪಾಯವಂತೂ ನಿದ್ರೆಯನ್ನು ಬೇಗ ತಂದು ರಾತ್ರಿಯ ಉತ್ತರಾರ್ಧದಲ್ಲಿ ಅದನ್ನು ಚೂರುಚೂರಾಗಿ ಒಡೆಯುವುದು.

ಆದುದರಿಂದಲೇ 1972ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ ಸೂಚಿಸಿದ ಕ್ರಮ ಇಂದಿಗೂ ಗ್ರಾಹ್ಯವಾಗಿದೆ: ನಿದ್ರೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ತೂಕಡಿಕೆ ಬಂದಾಗ ಮಾತ್ರ ಮರಳತಕ್ಕದ್ದು. ಆರು ಮಂದಿ ಸಾಲಾಗಿ ಮಲಗುವ ಒಂದೇ ಕೋಣೆಯ ಮನೆಯಲ್ಲಿ ಇನ್ನೊಂದು ಕೋಣೆಯೆಲ್ಲಿಯದು? ಚಾಪೆಯನ್ನು ಬಿಟ್ಟು ಬಾಗಿಲ ಬಳಿಯ ಕಟ್ಟೆಯ ಮೇಲೆ ಕುಳಿತರೂ ಉದ್ದೇಶ ನೆರವೇರುವುದೆಂದು ನನ್ನ ನಂಬಿಕೆ. ಮೊಬೈಲಿನ ಬೆಳಕೂ ಗಡಿಯಾರದ ಮುಳ್ಳೂ ಆಗ ಕಣ್ಣಿಗೆ ಬೀಳದಿರಲಿ. ರಾತ್ರಿ ಹೇಗೆಯೇ ಕಳೆಯಲಿ, ಏಳುವ ವೇಳೆ ಮಾತ್ರ ನಿತ್ಯವೂ ಒಂದೇ ಆಗಿರತಕ್ಕದ್ದು. ಇಂತಹ ನಿಯಮಗಳನ್ನೊಳಗೊಂಡ ಮನೋಚಿಕಿತ್ಸೆಯನ್ನೇ ಗುಳಿಗೆಗಳಿಗಿಂತ ಮೊದಲು ನೀಡಬೇಕೆಂದು 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ವೈದ್ಯಸಂಸ್ಥೆ ಶಿಫಾರಸು ಮಾಡಿತು.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಈ ಬಾಧೆ ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲಿಕವೆಂದು ಗಣಿಸುವರು. ಗೊರಕೆಯ ನಡುವೆ ಉಸಿರು ಕಟ್ಟುವವರು ವೈದ್ಯರನ್ನು ಕಾಣಲು ಅಷ್ಟು ಕಾಲವೂ ಕಾಯಕೂಡದು. ನಿದ್ರೆಗೆಡಿಸುವ ಚಿಂತೆಗೆ ಚಿಕಿತ್ಸೆ ಬೇಕಾದವರಿಗೆ ಗೋವೆಯ ಬಾಂಬೋಳಿಯಲ್ಲಿ ಮನೋವೈದ್ಯಕೀಯ ಸಂಸ್ಥೆಯುಂಟು. ಕೊಂಕಣಿಯಲ್ಲಾಗಲಿ ಹಿಂದಿಯಲ್ಲಾಗಲಿ ಮನಸ್ಸಿನ ಸಂಕಟವನ್ನು ತೋಡಿಕೊಳ್ಳಲಾರದವರಿಗೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ದೂರವಾಣಿ ಸಹಾಯಸೇವೆಯ 14416 ಸಂಖ್ಯೆಯಲ್ಲಿ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಮಾತನಾಡುವ ಅನುಕೂಲವಿದೆ.